ಲಿಥಿಯಂ-ಅಯಾನ್ ಬ್ಯಾಟರಿ: ಚಾರ್ಜ್ ಮಾಡುವುದು, ಬಳಸುವುದು, ಎತ್ತಿಡುವುದು ಹೇಗೆ?

ರಾತ್ರಿಯಿಡೀ ಫೋನನ್ನು ಚಾರ್ಜಿಗೆ ಹಾಕಿ ಮಲಗಬಹುದೇ? ಪೂರ್ತಿ ಖಾಲಿಯಾದ ಮೇಲೆಯೇ ಚಾರ್ಜ್ ಮಾಡಬೇಕೇ? ಹೊಸ ಫೋನನ್ನು ಮೊದಲ ಸಲ ಎಂಟು ಗಂಟೆ ಚಾರ್ಜಿಗೆ ಇಡಲೇಬೇಕೇ? ಲ್ಯಾಪ್‌ಟಾಪನ್ನು ಸದಾ ಪ್ಲಗ್‌ಗೆ ಸಿಕ್ಕಿಸಿಟ್ಟರೆ ಬ್ಯಾಟರಿ ಕೆಡುತ್ತದೆಯೇ? ಓದುಗರಿಂದ ಮತ್ತೆ ಮತ್ತೆ ಬರುವ ಪ್ರಶ್ನೆಗಳು ಇವು. ಎಲ್ಲಕ್ಕೂ ಒಂದೇ ಕಡೆ ಉತ್ತರ ಸಿಗಲೆಂದು ಈ ಮಾರ್ಗದರ್ಶಿಯನ್ನು ಬರೆದಿದ್ದೇನೆ. ಫೋನು, ಇಯರ್‌ಬಡ್, ಪವರ್ ಬ್ಯಾಂಕು, ಲ್ಯಾಪ್‌ಟಾಪು, ಕ್ಯಾಮೆರಾ, ರಾತ್ರಿ ತೋಟಕ್ಕೆ ಹೋಗುವಾಗ ಹಣೆಗೆ ಕಟ್ಟಿಕೊಳ್ಳುವ ಟಾರ್ಚು, ಇವುಗಳಲ್ಲಿ ಹೆಚ್ಚಿನವುಗಳ ಒಳಗಿರುವುದು ಒಂದೇ ಜಾತಿಯ ಬ್ಯಾಟರಿ. ಆದ್ದರಿಂದ ನಿಯಮಗಳೂ ಬಹುಮಟ್ಟಿಗೆ ಒಂದೇ.

ತಿರುಳನ್ನು ಮೊದಲೇ ಹೇಳಿಬಿಡುತ್ತೇನೆ. ದಿನಕ್ಕೆ ಎಷ್ಟು ಸಲ ಪ್ಲಗ್‌ಗೆ ಸಿಕ್ಕಿಸಿದಿರಿ ಎಂಬುದರಿಂದ ಈ ಬ್ಯಾಟರಿಗೆ ದೊಡ್ಡ ನಷ್ಟವಿಲ್ಲ. ಬಿಸಿಯಾದ ಜಾಗದಲ್ಲಿ, ಪೂರ್ತಿ ತುಂಬಿದ ಸ್ಥಿತಿಯಲ್ಲಿ ಅದನ್ನು ಎಷ್ಟು ಹೊತ್ತು ಇಟ್ಟಿರಿ ಎಂಬುದೇ ಅದರ ಆಯುಷ್ಯವನ್ನು ಹೆಚ್ಚಾಗಿ ನಿರ್ಧರಿಸುತ್ತದೆ. ಈ ಒಂದು ಅಂಶ ಮನಸ್ಸಿನಲ್ಲಿದ್ದರೆ ಮುಂದಿನ ಹಂತಗಳಲ್ಲಿ ಯಾವುದನ್ನೂ ಬಾಯಿಪಾಠ ಮಾಡಬೇಕಾಗಿಲ್ಲ.

ಒಳಗೆ ಏನು ನಡೆಯುತ್ತದೆ?

ಸೋನಿ ಸಂಸ್ಥೆ ಲಿಥಿಯಂ-ಅಯಾನ್ ಬ್ಯಾಟರಿಯನ್ನು ಮಾರುಕಟ್ಟೆಗೆ ತಂದದ್ದು 1991ರಲ್ಲಿ. ಅದಕ್ಕೂ ಮೊದಲು ಸಣ್ಣ ಸಾಧನಗಳಲ್ಲಿ ಇರುತ್ತಿದ್ದದ್ದು ನಿಕಲ್-ಕ್ಯಾಡ್ಮಿಯಂ ಬ್ಯಾಟರಿ. ಪ್ರತಿ ಸಲವೂ ಒಂದೇ ಮಟ್ಟದವರೆಗೆ ಬಳಸಿ ಮತ್ತೆ ಚಾರ್ಜ್ ಮಾಡುತ್ತ ಹೋದರೆ ಆ ಬ್ಯಾಟರಿ ಆ ಮಟ್ಟಕ್ಕೆ ಬಂದಾಗಲೇ ಸೋತುಬಿಡುವ ದೋಷ ಅದರಲ್ಲಿತ್ತು. ಇದನ್ನೇ 'ಮೆಮೊರಿ ಎಫೆಕ್ಟ್' ಎನ್ನುತ್ತಿದ್ದರು. 'ಪೂರ್ತಿ ಖಾಲಿ ಮಾಡಿ, ಆಮೇಲೆ ಚಾರ್ಜ್ ಮಾಡಿ' ಎಂಬ ಉಪದೇಶ ಆ ಕಾಲದ್ದು. ಲಿಥಿಯಂ-ಅಯಾನ್ ಬ್ಯಾಟರಿಗೆ ಅದು ಬೇಕಿಲ್ಲ, ಅಷ್ಟೇ ಅಲ್ಲ, ಪದೇ ಪದೇ ಮಾಡಿದರೆ ಹಾನಿಯೂ ಹೌದು. ಹೊಸ ಫೋನನ್ನು ಎಂಟು ಗಂಟೆ ಚಾರ್ಜಿಗೆ ಇಡಬೇಕೆನ್ನುವುದೂ ಹಳೆಯ ಬ್ಯಾಟರಿಗಳ ಕಾಲದ ಮಾತೇ. ಈಗಿನ ಫೋನನ್ನು ಪೆಟ್ಟಿಗೆಯಿಂದ ತೆಗೆದ ಕೂಡಲೇ ಬಳಸಬಹುದು.

ಚಾರ್ಜ್ ಮಾಡುವಾಗ ಲಿಥಿಯಂ ಅಯಾನುಗಳು ಲೋಹದ ಆಕ್ಸೈಡ್‌ನಿಂದ ಮಾಡಿದ ಧನಾಗ್ರವನ್ನು ಬಿಟ್ಟು, ನಡುವೆ ಇರುವ ಎಲೆಕ್ಟ್ರೊಲೈಟ್ ದ್ರವದ ಮೂಲಕ ಸಾಗಿ, ಗ್ರಾಫೈಟ್‌ನ ಋಣಾಗ್ರದ ಪದರಗಳ ಸಂದಿಯಲ್ಲಿ ಸೇರಿಕೊಳ್ಳುತ್ತವೆ. ಸಾಧನವನ್ನು ಬಳಸುವಾಗ ಅದೇ ದಾರಿಯಲ್ಲಿ ಹಿಂದಿರುಗುತ್ತವೆ. ಈ ಓಡಾಟದ ಜೊತೆಗೆ ಬೇಡದ ಕೆಲವು ರಾಸಾಯನಿಕ ಪ್ರತಿಕ್ರಿಯೆಗಳೂ ಸದ್ದಿಲ್ಲದೆ ನಡೆಯುತ್ತಿರುತ್ತವೆ. ಗ್ರಾಫೈಟ್‌ನ ಮೇಲೆ ಒಂದು ತೆಳುಪೊರೆ ಬೆಳೆಯುತ್ತ ಹೋಗಿ ಒಂದಿಷ್ಟು ಲಿಥಿಯಂ ಅದರಲ್ಲೇ ಸಿಕ್ಕಿಕೊಂಡು ನಿರುಪಯುಕ್ತವಾಗುತ್ತದೆ. ಉಷ್ಣತೆ ಏರಿದಷ್ಟೂ, ವೋಲ್ಟೇಜ್ ಏರಿದಷ್ಟೂ ಈ ಅಡ್ಡ ಪ್ರತಿಕ್ರಿಯೆಗಳು ಚುರುಕಾಗುತ್ತವೆ. ಬ್ಯಾಟರಿ 'ಮುದಿಯಾಗುವುದು' ಎಂದರೆ ಮುಖ್ಯವಾಗಿ ಇದೇ.

ಸಾಮಾನ್ಯ ಲಿಥಿಯಂ-ಅಯಾನ್ ಸೆಲ್‌ನ, ಅಂದರೆ ಬ್ಯಾಟರಿಯೊಳಗಿನ ಒಂದು ಬಿಡಿ ಘಟಕದ, ನಾಮಾಂಕಿತ (ಲೇಬಲ್‌ನಲ್ಲಿ ನಮೂದಿಸುವ) ವೋಲ್ಟೇಜ್ 3.6 ಅಥವಾ 3.7. ಪೂರ್ತಿ ತುಂಬಿದಾಗ ಅದು 4.2 ವೋಲ್ಟ್ ತಲುಪುತ್ತದೆ. ಇತ್ತೀಚಿನ ಹಲವು ಫೋನುಗಳಲ್ಲಿ ಇದಕ್ಕಿಂತ ತುಸು ಹೆಚ್ಚು. ಸುಮಾರು 3 ವೋಲ್ಟ್‌ಗೆ ಇಳಿಯಿತೆಂದರೆ ಖಾಲಿ ಎಂದು ಲೆಕ್ಕ. ಚಾರ್ಜ್ ಆಗುವ ಕ್ರಿಯೆಗೆ ಎರಡು ಭಾಗಗಳಿವೆ. ಮೊದಲ ಭಾಗದಲ್ಲಿ ಸ್ಥಿರವಾದ, ಹೆಚ್ಚಿನ ಪ್ರಮಾಣದ ವಿದ್ಯುತ್ ಪ್ರವಾಹ ಹರಿಯುತ್ತದೆ. ಸೆಲ್ ತನ್ನ ಗರಿಷ್ಠ ವೋಲ್ಟೇಜನ್ನು ಮುಟ್ಟಿದ ಮೇಲೆ ಎರಡನೆಯ ಭಾಗ ಶುರು: ಕೊಡ ಕಂಠಕ್ಕೆ ಬಂದಾಗ ನಲ್ಲಿಯನ್ನು ಸಣ್ಣಗೆ ಮಾಡುವಂತೆ, ವೋಲ್ಟೇಜನ್ನು ಅಲ್ಲೇ ಹಿಡಿದಿಟ್ಟು ಪ್ರವಾಹವನ್ನು ಕ್ರಮೇಣ ತಗ್ಗಿಸಲಾಗುತ್ತದೆ. ಶೇ. 20ರಿಂದ 70ಕ್ಕೆ ಸರಸರನೆ ಏರಿದ ಫೋನು ಶೇ. 90ರ ನಂತರ ತೆವಳುವುದು ಇದೇ ಕಾರಣದಿಂದ. ಅದು ಚಾರ್ಜರಿನ ದೋಷವಲ್ಲ.

ಇದನ್ನೆಲ್ಲ ಮೇಲ್ವಿಚಾರಣೆ ಮಾಡಲು ಸಾಧನದೊಳಗೆ ಒಂದು ನಿಯಂತ್ರಣ ಸರ್ಕ್ಯೂಟ್ ಇರುತ್ತದೆ. ಬ್ಯಾಟರಿ ತುಂಬಿದ ಕೂಡಲೇ ಅದು ಪ್ರವಾಹವನ್ನು ನಿಲ್ಲಿಸುತ್ತದೆ, ಹೆಚ್ಚು ಬಿಸಿಯಾದರೆ ತಡೆಯುತ್ತದೆ, ತೀರಾ ಖಾಲಿಯಾಗುವ ಮೊದಲೇ ಸಾಧನವನ್ನು ಆಫ್ ಮಾಡುತ್ತದೆ. ಹೀಗಾಗಿ ಒಳ್ಳೆಯ ಫೋನಿನಲ್ಲಿ 'ಓವರ್‌ಚಾರ್ಜ್' ಆಗಿ ಬ್ಯಾಟರಿ ಸಿಡಿಯುವ ಭಯ ಇಟ್ಟುಕೊಳ್ಳಬೇಕಿಲ್ಲ.

ಏನೇನು ಬೇಕು?

ಸಾಧನಕ್ಕೆ ಹೊಂದುವ ಚಾರ್ಜರು ಮತ್ತು ಕೇಬಲ್ಲು. ಗಾಳಿಯಾಡುವ, ಗಟ್ಟಿಯಾದ, ಸಮತಟ್ಟಾದ ಜಾಗ. ಸಣ್ಣ ಅಕ್ಷರಗಳನ್ನು ಓದಲು ಒಂದಿಷ್ಟು ಬೆಳಕು, ಒಂದಿಷ್ಟು ತಾಳ್ಮೆ. 'ಬ್ಯಾಟರಿ ಸೇವರ್', 'ಬ್ಯಾಟರಿ ಡಾಕ್ಟರ್' ಎಂಬ ಹೆಸರಿನ ಆ್ಯಪ್‌ಗಳು ಬೇಡ. ಬ್ಯಾಟರಿಯ ರಸಾಯನವನ್ನು ಯಾವ ಆ್ಯಪ್ ಕೂಡ ರಿಪೇರಿ ಮಾಡಲಾರದು.

ಹಂತ 1: ಲೇಬಲ್ ಓದಿ

ಸಾಧನದ ಬೆನ್ನಿನ ಮೇಲೋ ಬ್ಯಾಟರಿಯ ಮೇಲೋ 'ಲಿ-ಅಯಾನ್' ಅಥವಾ 'ಲಿ-ಪಾಲಿಮರ್' ಎಂದು ಮುದ್ರಿಸಿದೆಯೇ ನೋಡಿ. ಪಾಲಿಮರ್ ಎಂಬುದು ಅದೇ ಬ್ಯಾಟರಿಯ ಚಪ್ಪಟೆ ಚೀಲದ ರೂಪ; ನಿಯಮ ಬೇರೆಯಲ್ಲ. ಕೆಲವು ಟ್ರಿಮ್ಮರ್‌ಗಳಲ್ಲಿ, ಕಾರ್ಡ್‌ಲೆಸ್ ಫೋನುಗಳಲ್ಲಿ ಈಗಲೂ ನಿಕಲ್ ಜಾತಿಯ ಬ್ಯಾಟರಿ ಇರುತ್ತದೆ. ಅಂಥವಕ್ಕೆ ಅವುಗಳ ಕೈಪಿಡಿಯನ್ನೇ ಅನುಸರಿಸಿ. 'ಲಿಥಿಯಂ ಐರನ್ ಫಾಸ್ಫೇಟ್' ಎಂದಿದ್ದರೆ ಅದೂ ಲಿಥಿಯಂ-ಅಯಾನ್ ಕುಟುಂಬದ್ದೇ, ಆದರೆ ಅದರ ಸೆಲ್ 3.2 ವೋಲ್ಟಿನದು, ತುಂಬಿದಾಗ 3.65 ವೋಲ್ಟ್. ಒಂದರ ಚಾರ್ಜರನ್ನು ಇನ್ನೊಂದಕ್ಕೆ ಹಾಕಬಾರದು.

ಮುಂದೆ ಸಾಮರ್ಥ್ಯ. ಎಂಎಎಚ್, ಅಂದರೆ ಮಿಲಿಆಂಪಿಯರ್-ಅವರ್, ಎಂಬುದು ಎಷ್ಟು ಪ್ರವಾಹವನ್ನು ಎಷ್ಟು ಹೊತ್ತು ಕೊಡಬಲ್ಲದು ಎಂಬುದರ ಅಳತೆ. ಒಟ್ಟು ಶಕ್ತಿಯನ್ನು ತಿಳಿಸುವುದು ವ್ಯಾಟ್-ಅವರ್. ಎಂಎಎಚ್ ಸಂಖ್ಯೆಯನ್ನು ವೋಲ್ಟೇಜಿನಿಂದ ಗುಣಿಸಿ 1,000ದಿಂದ ಭಾಗಿಸಿದರೆ ವ್ಯಾಟ್-ಅವರ್ ಸಿಗುತ್ತದೆ. 10,000 ಎಂಎಎಚ್‌ನ ಪವರ್ ಬ್ಯಾಂಕನ್ನೇ ತೆಗೆದುಕೊಳ್ಳಿ. ಆ ಸಂಖ್ಯೆ ಒಳಗಿನ 3.7 ವೋಲ್ಟಿನ ಸೆಲ್‌ಗೆ ಸೇರಿದ್ದು, ಅಂದರೆ ಒಟ್ಟು 37 ವ್ಯಾಟ್-ಅವರ್. ಹೊರಗೆ 5 ವೋಲ್ಟಿನಲ್ಲಿ ಕೊಡುವಾಗ ಅದು 7,400 ಎಂಎಎಚ್ ಆಗುತ್ತದೆ, ಪರಿವರ್ತನೆಯಲ್ಲಿ ಶಾಖವಾಗಿ ಹೋಗುವುದನ್ನು ಕಳೆದರೆ ಇನ್ನೂ ಕಡಿಮೆ. ಅದರಿಂದ 5,000 ಎಂಎಎಚ್‌ನ ಫೋನು ಎರಡು ಸಲ ತುಂಬದೆ ಒಂದೂವರೆ ಸಲದ ಆಸುಪಾಸಿಗೆ ನಿಂತರೆ ನಿಮಗೆ ಯಾರೂ ಮೋಸ ಮಾಡಿಲ್ಲ. ಪೆಟ್ಟಿಗೆಯ ಮೇಲೆ ಸಣ್ಣದಾಗಿ 'ರೇಟೆಡ್ ಕೆಪಾಸಿಟಿ' ಎಂದು ಬರೆದಿರುವ ಸಂಖ್ಯೆಯೇ ನಿಜವಾಗಿ ಕೈಗೆ ಸಿಗುವುದು.

ಮೋಸ ಇರುವುದು ಬೇರೆ ಕಡೆ. ಟಾರ್ಚುಗಳಲ್ಲಿ, ಹಳೆಯ ಲ್ಯಾಪ್‌ಟಾಪ್ ಬ್ಯಾಟರಿಗಳಲ್ಲಿ ಇರುವ ದುಂಡನೆಯ ಸೆಲ್‌ಗೆ 18650 ಎಂಬ ಹೆಸರು. 18 ಮಿಲಿಮೀಟರ್ ವ್ಯಾಸ, 65 ಮಿಲಿಮೀಟರ್ ಉದ್ದ ಎಂಬುದನ್ನು ಅದು ಸೂಚಿಸುತ್ತದೆ. ಒಳ್ಳೆಯ ತಯಾರಕರ ಈ ಗಾತ್ರದ ಸೆಲ್‌ಗಳ ಸಾಮರ್ಥ್ಯ ಸಾಮಾನ್ಯವಾಗಿ 2,000ದಿಂದ 3,600 ಎಂಎಎಚ್ ನಡುವೆ ಇರುತ್ತದೆ. ಅದೇ ಗಾತ್ರದ ಸೆಲ್‌ನ ಮೇಲೆ 9,900 ಎಂದು ಅಚ್ಚಾಗಿದ್ದರೆ ಕೊಳ್ಳಬೇಡಿ. ಸಂಖ್ಯೆಯಲ್ಲಿ ಸುಳ್ಳು ಹೇಳಿದವರು ಸುರಕ್ಷತೆಯಲ್ಲಿ ಪ್ರಾಮಾಣಿಕರಾಗಿರುತ್ತಾರೆಂದು ನಂಬಲು ಕಾರಣವಿಲ್ಲ.

ಭಾರತದಲ್ಲಿ ಮಾರುವ ಲಿಥಿಯಂ ಸೆಲ್, ಪವರ್ ಬ್ಯಾಂಕ್ ಮತ್ತು ಮೊಬೈಲ್ ಚಾರ್ಜರ್‌ಗಳಿಗೆ ಭಾರತೀಯ ಮಾನಕ ಬ್ಯೂರೋದ ನೋಂದಣಿ ಕಡ್ಡಾಯ. ಬ್ಯಾಟರಿಗೆ ಅನ್ವಯಿಸುವ ಮಾನಕ ಐಎಸ್ 16046. ಲೇಬಲ್‌ನಲ್ಲಿ ಬ್ಯೂರೋದ ಗುರುತಿನ ಜೊತೆಗೆ 'ಆರ್' ಅಕ್ಷರದಿಂದ ಶುರುವಾಗುವ ನೋಂದಣಿ ಸಂಖ್ಯೆ ಇರುತ್ತದೆ. 'ಬಿಐಎಸ್ ಕೇರ್' ಎಂಬ ಸರ್ಕಾರಿ ಆ್ಯಪ್‌ನಲ್ಲಿ ಆ ಸಂಖ್ಯೆಯನ್ನು ಹಾಕಿದರೆ ಅದು ಯಾವ ತಯಾರಕರದು, ಯಾವ ವಸ್ತುವಿನದು ಎಂಬುದು ತೆರೆಯ ಮೇಲೆ ಬರುತ್ತದೆ. ಪವರ್ ಬ್ಯಾಂಕ್ ಕೊಳ್ಳುವಾಗ ಅಂಗಡಿಯಲ್ಲೇ ನಿಂತು ಇದನ್ನು ನೋಡಿ. ಲೇಬಲ್‌ನ ಹೆಸರೂ ಆ್ಯಪ್‌ನ ಹೆಸರೂ ತಾಳೆಯಾಗದಿದ್ದರೆ ವಾಪಸ್ ಕೊಟ್ಟುಬಿಡಿ.

ಹಂತ 2: ಚಾರ್ಜರು ಮತ್ತು ಕೇಬಲ್ಲು

'30 ವ್ಯಾಟಿನ ಫೋನಿಗೆ 65 ವ್ಯಾಟಿನ ಲ್ಯಾಪ್‌ಟಾಪ್ ಚಾರ್ಜರು ಹಾಕಿದರೆ ಸುಟ್ಟುಹೋಗುವುದೇ?' ಎಂದು ಹಲವರು ಕೇಳುತ್ತಾರೆ. ಇಲ್ಲ. ಎರಡೂ ಯುಎಸ್‌ಬಿ ಟೈಪ್-ಸಿ ಕ್ರಮದವಾಗಿದ್ದರೆ ಫೋನು ಮತ್ತು ಚಾರ್ಜರು ಮೊದಲು ತಮ್ಮತಮ್ಮಲ್ಲಿ ಸಂದೇಶ ವಿನಿಮಯ ಮಾಡಿಕೊಂಡು ವೋಲ್ಟೇಜನ್ನು ಒಪ್ಪಿಕೊಳ್ಳುತ್ತವೆ. ಎಷ್ಟು ಬೇಕೋ ಅಷ್ಟನ್ನು ಎಳೆದುಕೊಳ್ಳುವುದು ಫೋನು. ಚಾರ್ಜರಿನ ಮೇಲಿನ ವ್ಯಾಟ್ ಸಂಖ್ಯೆ ಅದು ಗರಿಷ್ಠ ಎಷ್ಟು ಕೊಡಬಲ್ಲದು ಎಂಬುದನ್ನಷ್ಟೇ ಹೇಳುತ್ತದೆ. ಕೆಲವು ಕಂಪನಿಗಳ ಅತಿವೇಗದ ಚಾರ್ಜಿಂಗ್ ಅವರದೇ ಚಾರ್ಜರು, ಅವರದೇ ಕೇಬಲ್ಲಿನೊಂದಿಗೆ ಮಾತ್ರ ಕೆಲಸ ಮಾಡುತ್ತದೆ. ಬೇರೆಯದನ್ನು ಹಾಕಿದರೆ ನಿಧಾನವಾಗುತ್ತದೆ, ಅಷ್ಟೇ.

ದುಂಡು ಪಿನ್ನಿನ ಹಳೆಯ ಅಡಾಪ್ಟರುಗಳ ವಿಷಯದಲ್ಲಿ ಮಾತ್ರ ಈ ಸಂದೇಶ ವಿನಿಮಯ ಇರುವುದಿಲ್ಲ. ಸ್ಪೀಕರು, ಎಮರ್ಜೆನ್ಸಿ ಲ್ಯಾಂಪು, ಮಕ್ಕಳ ಆಟದ ಕಾರು ಇವುಗಳಿಗೆ ಪಿನ್ನು ಹೊಂದಿತೆಂದು ಯಾವುದೋ ಅಡಾಪ್ಟರನ್ನು ಸಿಕ್ಕಿಸಬೇಡಿ. ವೋಲ್ಟೇಜ್ ಒಂದೇ ಇರಬೇಕು, ಪಿನ್ನಿನ ಧನ-ಋಣ ಗುರುತು ಒಂದೇ ಇರಬೇಕು, ಆಂಪಿಯರ್ ಮಾತ್ರ ಸಮವಾಗಿಯೋ ಹೆಚ್ಚಾಗಿಯೋ ಇರಬಹುದು.

ಕೇಬಲ್ಲಿನ ತುದಿಯಲ್ಲಿ ತಾಮ್ರ ಕಾಣುತ್ತಿದ್ದರೆ, ಪಿನ್ನು ಕಪ್ಪಾಗಿದ್ದರೆ, ಚಾರ್ಜ್ ಆಗುವಾಗ ಕನೆಕ್ಟರು ಮುಟ್ಟಲಾಗದಷ್ಟು ಬಿಸಿಯಾದರೆ ಎಸೆದುಬಿಡಿ. ಫೋನಿನ ರಂಧ್ರದಲ್ಲಿ ಜೇಬಿನ ನೂಲು, ಧೂಳು ಗಟ್ಟಿಯಾಗಿ ಕೂತು ಪಿನ್ನು ಸರಿಯಾಗಿ ಕೂರದಿರುವುದೂ ಉಂಟು. ಫೋನನ್ನು ಆಫ್ ಮಾಡಿ, ಒಣಗಿದ ಮರದ ಹಲ್ಲುಕಡ್ಡಿಯಿಂದ ಮೆಲ್ಲಗೆ ತೆಗೆಯಿರಿ. ಸೂಜಿ, ಪಿನ್ನು, ಯಾವ ಲೋಹವೂ ಬೇಡ. ಮಳೆಯಲ್ಲಿ ನೆನೆದ ಫೋನಿನ ರಂಧ್ರ ಪೂರ್ತಿ ಒಣಗುವವರೆಗೆ ಚಾರ್ಜಿಗೆ ಹಾಕಬೇಡಿ.

ಹಂತ 3: ಜಾಗವನ್ನು ಆರಿಸಿ, ಶಾಖವನ್ನು ತಡೆಯಿರಿ

ಎಲ್ಲ ಹಂತಗಳಲ್ಲಿ ಇದೇ ಮುಖ್ಯವಾದದ್ದು. ಲಿಥಿಯಂ-ಅಯಾನ್ ಸೆಲ್ ಅನ್ನು ಚಾರ್ಜ್ ಮಾಡಲು ಸಾಮಾನ್ಯವಾಗಿ ಅನುಮತಿ ಇರುವುದು ಸೆಲ್‌ನ ಉಷ್ಣತೆ 0ಯಿಂದ 45 ಡಿಗ್ರಿ ಸೆಲ್ಸಿಯಸ್ ಇರುವಾಗ. ಇದು ತಡೆಯಬಲ್ಲ ಮಿತಿ. ಹಿತವಾದ ವ್ಯಾಪ್ತಿ ಇನ್ನೂ ಕಿರಿದು. ಸುತ್ತಲಿನ ಉಷ್ಣತೆ 35 ಡಿಗ್ರಿ ಮೀರಿದಲ್ಲಿ ಫೋನ್ ಬಳಸಿದರೆ ಬ್ಯಾಟರಿಯ ಸಾಮರ್ಥ್ಯ ಶಾಶ್ವತವಾಗಿ ಕುಗ್ಗಬಹುದೆಂದು ಆ್ಯಪಲ್ ತನ್ನ ಬಳಕೆದಾರರಿಗೆ ಎಚ್ಚರಿಸುತ್ತದೆ. ಕಲಬುರಗಿ, ರಾಯಚೂರಿನ ಕಡೆ ಏಪ್ರಿಲ್-ಮೇ ತಿಂಗಳಲ್ಲಿ ಹೊರಗಿನ ಗಾಳಿಯೇ 40 ಡಿಗ್ರಿ ದಾಟುತ್ತದೆ. ಅಲ್ಲಿಯ ಓದುಗರು ಮಧ್ಯಾಹ್ನ ಚಾರ್ಜ್ ಮಾಡುವುದನ್ನು ಆದಷ್ಟು ತಪ್ಪಿಸಿ ಬೆಳಗಿನ ಜಾವದಲ್ಲೋ ರಾತ್ರಿ ತಂಪಾದ ಮೇಲೋ ಮಾಡುವುದು ಒಳ್ಳೆಯದು.

ಚಾರ್ಜ್ ಆಗುತ್ತಿರುವಾಗ ಫೋನನ್ನು ಹಾಸಿಗೆ, ದಿಂಬು, ಸೋಫಾದ ಮೇಲೆ ಇಡಬೇಡಿ. ಬಟ್ಟೆ ಮತ್ತು ಹತ್ತಿ ಶಾಖವನ್ನು ಹೊರಹೋಗಲು ಬಿಡುವುದಿಲ್ಲ, ಅಕಸ್ಮಾತ್ ಏನಾದರೂ ಆದರೆ ಮೊದಲು ಹೊತ್ತಿಕೊಳ್ಳುವುದೂ ಅವೇ. ಮರದ ಮೇಜು, ಕಡಪಾ ಕಲ್ಲಿನ ಕಟ್ಟೆ, ಟೈಲ್ಸ್ ನೆಲ ಎಲ್ಲವೂ ಆಗಬಹುದು. ದಪ್ಪ ಕವರ್ ಇದ್ದು ಫೋನು ಬಿಸಿಯಾಗುತ್ತಿದ್ದರೆ ಕವರ್ ತೆಗೆಯಿರಿ. ಚಾರ್ಜಿಗೆ ಹಾಕಿಕೊಂಡೇ ಗೇಮ್ ಆಡುವುದು, ಗಂಟೆಗಟ್ಟಲೆ ವಿಡಿಯೋ ಕಾಲ್ ಮಾಡುವುದು ಎರಡು ಕಡೆಯಿಂದ ಶಾಖ ಹುಟ್ಟಿಸುತ್ತದೆ: ಒಳಗೆ ಪ್ರಾಸೆಸರಿನ ಬಿಸಿ, ಜೊತೆಗೆ ಚಾರ್ಜಿಂಗಿನ ಬಿಸಿ. ವೈರ್‌ಲೆಸ್ ಚಾರ್ಜಿಂಗಿನಲ್ಲಿ ತಂತಿಯ ಚಾರ್ಜಿಂಗಿಗಿಂತ ಹೆಚ್ಚು ವಿದ್ಯುತ್ತು ಶಾಖವಾಗಿ ಹೋಗುವುದರಿಂದ ಬೇಸಿಗೆಯಲ್ಲಿ ತಂತಿಯೇ ಮೇಲು.

ಬೈಕಿನ ಹ್ಯಾಂಡಲ್ಲಿಗೆ ಫೋನ್ ಸಿಕ್ಕಿಸಿ, ಬಿಸಿಲಿನಲ್ಲಿ ಮ್ಯಾಪ್ ಹಾಕಿಕೊಂಡು, ಅದೇ ಹೊತ್ತಿಗೆ ಚಾರ್ಜೂ ಮಾಡುತ್ತ ದಿನವಿಡೀ ಓಡಾಡುವ ಡೆಲಿವರಿ ಕೆಲಸದವರ ಫೋನಿಗೆ ಆಗುವಷ್ಟು ಹಿಂಸೆ ಇನ್ಯಾವ ಫೋನಿಗೂ ಆಗದು. ಅದು ಅವರ ಹೊಟ್ಟೆಪಾಡು, ಬಿಡಲಾಗದು. ಅಂಥವರು ತೆರೆಯ ಪ್ರಖರತೆಯನ್ನು ತುಸು ತಗ್ಗಿಸಿ, ಆರ್ಡರಿಗೆ ಕಾಯುವಾಗ ನೆರಳಿನಲ್ಲಿ ನಿಂತು ಚಾರ್ಜ್ ಮಾಡಿಕೊಂಡರೆ ಬ್ಯಾಟರಿ ಇನ್ನಷ್ಟು ದಿನ ಬಾಳುತ್ತದೆ. ನಿಲ್ಲಿಸಿದ ಕಾರಿನ ಡ್ಯಾಶ್‌ಬೋರ್ಡಿನ ಮೇಲೆ ಫೋನನ್ನಾಗಲಿ ಪವರ್ ಬ್ಯಾಂಕನ್ನಾಗಲಿ ಬಿಟ್ಟು ಹೋಗಲೇಬೇಡಿ.

ಬಿಸಿಯಾದ ಫೋನನ್ನು ಫ್ರಿಜ್‌ನಲ್ಲಿ ಇಡುವ ಉಪಾಯ ಕೆಲವರಲ್ಲಿದೆ. ಒಳಗೆ ತೇವ ಕಟ್ಟಿಕೊಂಡು ಸರ್ಕ್ಯೂಟ್ ಹಾಳಾಗುತ್ತದೆ. ಚಾರ್ಜರ್ ತೆಗೆದು ಫ್ಯಾನಿನ ಕೆಳಗೆ ಇಟ್ಟರೆ ಸಾಕು. ಕೆನಡಾದಂಥ ಶೀತದೇಶಗಳಲ್ಲಿರುವ ಕನ್ನಡಿಗರಿಗೆ ಇದರ ಮಗ್ಗುಲು ಬೇರೆ. ಸೊನ್ನೆ ಡಿಗ್ರಿಗಿಂತ ಕೆಳಗೆ ಚಾರ್ಜ್ ಮಾಡಿದರೆ ಲಿಥಿಯಂ ಅಯಾನುಗಳು ಗ್ರಾಫೈಟ್‌ನ ಒಳಗೆ ಸೇರದೆ ಅದರ ಮೇಲೆ ಲೋಹವಾಗಿ ಲೇಪಗೊಳ್ಳುತ್ತವೆ. ಆ ನಷ್ಟ ಬಹುಪಾಲು ಹಿಂದಿರುಗುವುದಿಲ್ಲ, ಒಳಗೆ ಶಾರ್ಟ್ ಆಗುವ ಅಪಾಯವೂ ಸೇರಿಕೊಳ್ಳುತ್ತದೆ. ಹೊರಗಿನಿಂದ ತಂದ ಕ್ಯಾಮೆರಾ ಬ್ಯಾಟರಿ ಕೋಣೆಯ ಉಷ್ಣತೆಗೆ ಬಂದ ಮೇಲೆಯೇ ಚಾರ್ಜರಿಗೆ ಹಾಕಿ.

ಹಂತ 4: ಎಲ್ಲಿಂದ ಎಲ್ಲಿಗೆ ಚಾರ್ಜ್ ಮಾಡಬೇಕು?

ಶೇ. 20ರಿಂದ 80ರ ನಡುವೆ ಇಟ್ಟುಕೊಳ್ಳಿ ಎಂಬ ಮಾತನ್ನು ನೀವು ಕೇಳಿರುತ್ತೀರಿ. ಅದು ಸರಿಯೇ, ಆದರೆ ವ್ರತದಂತೆ ಪಾಲಿಸಬೇಕಾದದ್ದಲ್ಲ. ಶೇ. 100 ಆದಾಗ ಸೆಲ್ ತನ್ನ ಗರಿಷ್ಠ ವೋಲ್ಟೇಜಿನಲ್ಲಿರುತ್ತದೆ, ಅಲ್ಲಿ ಹೆಚ್ಚು ಹೊತ್ತು ನಿಂತಷ್ಟೂ ಸವೆತ ಹೆಚ್ಚು. ಬೆಳಿಗ್ಗೆ ಊರಿಗೆ ಹೊರಡುವ ಮುನ್ನ 100ಕ್ಕೆ ಏರಿಸಿ ಕೂಡಲೇ ಬಳಸಲು ಶುರು ಮಾಡಿದರೆ ಚಿಂತೆಯಿಲ್ಲ. ರಾತ್ರಿ ಹನ್ನೊಂದಕ್ಕೆ ಹಾಕಿ, ಹನ್ನೆರಡೂವರೆಗೆ ತುಂಬಿ, ಬೆಳಗಿನ ಆರರವರೆಗೆ ದಿಂಬಿನ ಪಕ್ಕದ ಸೆಕೆಯಲ್ಲಿ 100ರಲ್ಲೇ ನಿಲ್ಲುವುದು, ಹೀಗೆ ವರ್ಷಗಟ್ಟಲೆ ನಡೆಯುವುದು ಬ್ಯಾಟರಿಯನ್ನು ತಿನ್ನುತ್ತದೆ.

ಇದಕ್ಕೆ ಎಚ್ಚರವಿದ್ದು ಪ್ಲಗ್ ಕೀಳಬೇಕಾಗಿಲ್ಲ. ಫೋನಿನಲ್ಲೇ ವ್ಯವಸ್ಥೆ ಇದೆ. ಸೆಟ್ಟಿಂಗ್ಸ್‌ನಲ್ಲಿ ಬ್ಯಾಟರಿ ವಿಭಾಗಕ್ಕೆ ಹೋಗಿ. ಸ್ಯಾಮ್‌ಸಂಗ್‌ನಲ್ಲಿ 'ಬ್ಯಾಟರಿ ಪ್ರೊಟೆಕ್ಷನ್', ಪಿಕ್ಸೆಲ್‌ನಲ್ಲಿ 'ಅಡಾಪ್ಟಿವ್ ಚಾರ್ಜಿಂಗ್', ಐಫೋನ್‌ನಲ್ಲಿ 'ಆಪ್ಟಿಮೈಸ್ಡ್ ಬ್ಯಾಟರಿ ಚಾರ್ಜಿಂಗ್' ಎಂಬ ಹೆಸರುಗಳಿವೆ. ಐಫೋನ್ 15 ಮತ್ತು ನಂತರದವುಗಳಲ್ಲಿ ಶೇ. 80ಕ್ಕೆ ಮಿತಿ ಹಾಕುವ ಆಯ್ಕೆಯೂ ಇದೆ. ಇವು ಎರಡು ಬಗೆ. ಒಂದು, 80ಕ್ಕೆ ನಿಲ್ಲಿಸುವುದು. ಇನ್ನೊಂದು, ನೀವು ಏಳುವ ಹೊತ್ತನ್ನು ಕಲಿತುಕೊಂಡು 80ರಲ್ಲಿ ತಡೆದು, ಏಳುವ ಮುಂಚೆ 100ಕ್ಕೆ ಏರಿಸುವುದು. ಹಗಲಿಡೀ ಚಾರ್ಜರ್ ಸಿಗದ ಕೆಲಸದವರಿಗೆ ಎರಡನೆಯದು ಅನುಕೂಲ. ಕಚೇರಿಯಲ್ಲೋ ಮನೆಯಲ್ಲೋ ಕೂತು ಕೆಲಸ ಮಾಡುವವರಿಗೆ ಮೊದಲನೆಯದೇ ಸಾಕು.

'ದಿನಕ್ಕೆ ನಾಲ್ಕು ಸಲ ಸ್ವಲ್ಪ ಸ್ವಲ್ಪ ಚಾರ್ಜ್ ಮಾಡಿದರೆ ನಾಲ್ಕು ಸೈಕಲ್ ಮುಗಿದಂತೆ ಅಲ್ಲವೇ?' ಎಂಬ ಅನುಮಾನವೂ ಸಾಮಾನ್ಯ. ಅಲ್ಲ. ಒಂದು ಸೈಕಲ್ ಎಂದರೆ ಒಟ್ಟು ಶೇ. 100ರಷ್ಟು ಬಳಕೆ. ಇವತ್ತು ಶೇ. 50, ನಾಳೆ ಶೇ. 50 ಬಳಸಿದರೆ ಎರಡು ದಿನಕ್ಕೆ ಸೇರಿ ಒಂದು ಸೈಕಲ್. ಸ್ವಲ್ಪ ಸ್ವಲ್ಪವೇ ಬಳಸಿ ಸ್ವಲ್ಪ ಸ್ವಲ್ಪವೇ ತುಂಬಿಸುವುದರಿಂದ ಒಳಗಿನ ಪದಾರ್ಥ ಹಿಗ್ಗುವುದು-ಕುಗ್ಗುವುದು ಕಡಿಮೆಯಾಗಿ ಬಾಳಿಕೆ ಹೆಚ್ಚುತ್ತದೆ. ಆ್ಯಪಲ್ ಹೇಳುವ ಪ್ರಕಾರ ಐಫೋನ್ 14 ಮತ್ತು ಹಿಂದಿನವುಗಳ ಬ್ಯಾಟರಿ ಅನುಕೂಲಕರ ಸ್ಥಿತಿಯಲ್ಲಿ 500 ಸೈಕಲ್‌ಗಳ ನಂತರ, ಐಫೋನ್ 15ರ ಸರಣಿಯದ್ದು 1,000 ಸೈಕಲ್‌ಗಳ ನಂತರ ಮೂಲ ಸಾಮರ್ಥ್ಯದ ಶೇ. 80 ಉಳಿಸಿಕೊಳ್ಳುವಂತೆ ವಿನ್ಯಾಸಗೊಂಡಿದೆ.

ಹಂತ 5: ಸದಾ ಪ್ಲಗ್‌ನಲ್ಲಿರುವ ಲ್ಯಾಪ್‌ಟಾಪು

ಮನೆಯಿಂದ ಕೆಲಸ ಮಾಡುವವರ ಲ್ಯಾಪ್‌ಟಾಪು ತಿಂಗಳುಗಟ್ಟಲೆ 100ರಲ್ಲಿ, ಪ್ರಾಸೆಸರಿನ ಬಿಸಿಯ ಪಕ್ಕದಲ್ಲಿ ಇರುತ್ತದೆ. ಮೊದಲು ಹೇಳಿದ ಎರಡೂ ಶತ್ರುಗಳು ಒಟ್ಟಿಗೆ ಸೇರುವುದು ಇಲ್ಲೇ. ಲೆನೊವೊದ 'ವ್ಯಾಂಟೇಜ್' ತಂತ್ರಾಂಶದಲ್ಲಿ 'ಕನ್ಸರ್ವೇಶನ್ ಮೋಡ್', ಆಸುಸ್‌ನ 'ಮೈಆಸುಸ್' ತಂತ್ರಾಂಶದಲ್ಲಿ 'ಬ್ಯಾಟರಿ ಹೆಲ್ತ್ ಚಾರ್ಜಿಂಗ್' ಇವೆ. ಡೆಲ್ ಮತ್ತು ಎಚ್‌ಪಿಯ ಹಲವು ಮಾದರಿಗಳಲ್ಲಿ ಬಯೋಸ್‌ನೊಳಗೆ, ಅಂದರೆ ಯಂತ್ರ ಶುರುವಾಗುವಾಗಲೇ ತೆರೆಯುವ ಮೂಲ ಸೆಟ್ಟಿಂಗ್ ಪುಟದಲ್ಲಿ, ಇಂಥದೇ ಆಯ್ಕೆ ಸಿಗುತ್ತದೆ. ಅದನ್ನು ಆನ್ ಮಾಡಿ, ನಂತರ ನಿಶ್ಚಿಂತೆಯಿಂದ ಪ್ಲಗ್‌ನಲ್ಲೇ ಇಟ್ಟು ಬಳಸಿ. ಪ್ರಯಾಣದ ಹಿಂದಿನ ರಾತ್ರಿ ಮಾತ್ರ ಮಿತಿ ತೆಗೆದು ಪೂರ್ತಿ ತುಂಬಿಸಿಕೊಳ್ಳಿ.

ಹಂತ 6: ಖಾಲಿಯಾಗುವ ಬಗ್ಗೆ

ಶೇ. 15-20ಕ್ಕೆ ಬಂದಾಗ ಚಾರ್ಜಿಗೆ ಹಾಕುವುದು ಒಳ್ಳೆಯ ರೂಢಿ. ಅಪರೂಪಕ್ಕೆ ಸೊನ್ನೆಗೆ ಹೋದರೆ ಗಾಬರಿ ಬೇಡ. ತೆರೆಯ ಮೇಲಿನ ಸೊನ್ನೆ ನಿಜವಾದ ಸೊನ್ನೆಯಲ್ಲ, ನಿಯಂತ್ರಣ ಸರ್ಕ್ಯೂಟ್ ತುಸು ಉಳಿಸಿಕೊಂಡೇ ಆಫ್ ಮಾಡಿರುತ್ತದೆ. ಹಾಗೆ ಆಫ್ ಆದದ್ದನ್ನು ತಿಂಗಳುಗಟ್ಟಲೆ ಬೀರುವಿನಲ್ಲಿ ಬಿಟ್ಟುಬಿಡುವುದೇ ಅಪಾಯ. ಸೆಲ್ ತನ್ನಷ್ಟಕ್ಕೆ ನಿಧಾನವಾಗಿ ಇನ್ನೂ ಇಳಿಯುತ್ತದೆ. ತೀರಾ ಕೆಳಗೆ ಇಳಿದಾಗ ಒಳಗಿನ ತಾಮ್ರದ ಹಾಳೆ ಕರಗಲು ಶುರುವಾಗಿ, ಮುಂದೆ ಚಾರ್ಜ್ ಮಾಡುವಾಗ ಆ ತಾಮ್ರ ಬೇಡದ ಕಡೆ ಕೂತು ಒಳಗೇ ಶಾರ್ಟ್ ಆಗಬಹುದು. ಇಂಥ 'ಸತ್ತ' ಬ್ಯಾಟರಿಗೆ ನೇರವಾಗಿ ವಿದ್ಯುತ್ ಕೊಟ್ಟು 'ಬೂಸ್ಟ್' ಮಾಡಿ ಎಬ್ಬಿಸಿಕೊಡುತ್ತೇವೆಂದು ಯಾರಾದರೂ ಹೇಳಿದರೆ ಒಪ್ಪಬೇಡಿ, ಹೊಸದನ್ನೇ ಹಾಕಿಸಿ.

ಶೇ. 30 ಇದ್ದದ್ದು ಇದ್ದಕ್ಕಿದ್ದಂತೆ 12ಕ್ಕೆ ಹಾರುವುದು ಎರಡು ಕಾರಣದಿಂದ. ಒಂದು, ಶೇಕಡಾವಾರು ಅಳತೆಯ ಲೆಕ್ಕ ತಪ್ಪಿರುವುದು. ಒಂದು ಸಲ ತಾನಾಗಿ ಆಫ್ ಆಗುವವರೆಗೆ ಬಳಸಿ, ಮಧ್ಯೆ ತೆಗೆಯದೆ 100ಕ್ಕೆ ಏರಿಸಿದರೆ ಅಳತೆ ಮತ್ತೆ ಹೊಂದಿಕೊಳ್ಳುತ್ತದೆ. ಇದು ಅಳತೆಯನ್ನು ಸರಿಪಡಿಸುತ್ತದೆಯೇ ಹೊರತು ಬ್ಯಾಟರಿಯ ಶಕ್ತಿಯನ್ನು ಹೆಚ್ಚಿಸುವುದಿಲ್ಲ, ಆದ್ದರಿಂದ ರೂಢಿ ಮಾಡಿಕೊಳ್ಳಬೇಡಿ. ಇನ್ನೊಂದು ಕಾರಣ, ಸೆಲ್ ನಿಜಕ್ಕೂ ಮುದಿಯಾಗಿ ಒಳಗಿನ ರೋಧ ಹೆಚ್ಚಿರುವುದು. ಕ್ಯಾಮೆರಾ ತೆರೆದ ಕೂಡಲೇ ಫೋನು ಆಫ್ ಆಗುತ್ತಿದ್ದರೆ ಬಹುಶಃ ಇದೇ.

ಹಂತ 7: ಬಳಸದೆ ಎತ್ತಿಡುವಾಗ

ಅರ್ಧದಷ್ಟು, ಅಂದರೆ ಶೇ. 40-50, ಚಾರ್ಜ್ ಮಾಡಿ, ಪೂರ್ತಿ ಆಫ್ ಮಾಡಿ, ತಂಪಾದ ಒಣ ಜಾಗದಲ್ಲಿಡಿ. ಮೂರರಿಂದ ಆರು ತಿಂಗಳಿಗೊಮ್ಮೆ ತೆಗೆದು ಮತ್ತೆ ಅರ್ಧಕ್ಕೆ ತನ್ನಿ. ಮಳೆಗಾಲದಲ್ಲಿ ಕರೆಂಟ್ ಹೋಗುವ ಮಲೆನಾಡಿನ ಮನೆಗಳಲ್ಲಿ ಪವರ್ ಬ್ಯಾಂಕನ್ನೂ ಟಾರ್ಚನ್ನೂ ತುಂಬಿಸಿಟ್ಟುಕೊಳ್ಳಲೇಬೇಕು. ಆ ಅಗತ್ಯದ ಮುಂದೆ ಬ್ಯಾಟರಿಯ ಆಯುಷ್ಯ ದೊಡ್ಡದಲ್ಲ. ಮಳೆಗಾಲ ಮುಗಿದ ಮೇಲೆ ಅರ್ಧಕ್ಕೆ ಇಳಿಸಿ ಎತ್ತಿಡಿ.

ಗೋಡೆಯ ಸಾಕೆಟ್ಟಿಗೆ ನೇರವಾಗಿ ಚುಚ್ಚುವ ಅಗ್ಗದ ಟಾರ್ಚುಗಳ ಬಗ್ಗೆ ಒಂದು ಮಾತು. ಅವುಗಳಲ್ಲಿ ಕೆಲವಕ್ಕೆ ತುಂಬಿದ ಮೇಲೆ ತಾನಾಗಿ ನಿಲ್ಲಿಸುವ ಸರಿಯಾದ ವ್ಯವಸ್ಥೆ ಇರುವುದಿಲ್ಲ. ಕೈಪಿಡಿಯಲ್ಲಿ ಹೇಳಿದ ಗಂಟೆಗಳಾದ ಮೇಲೆ ಕಿತ್ತುಬಿಡಿ, ರಾತ್ರಿಯಿಡೀ ಹಾಕಿ ಮಲಗಬೇಡಿ.

ಹಂತ 8: ಆರೋಗ್ಯ ಪರೀಕ್ಷೆ ಮತ್ತು ಬದಲಾವಣೆ

ಐಫೋನ್‌ನಲ್ಲಿ 'ಬ್ಯಾಟರಿ ಹೆಲ್ತ್' ವಿಭಾಗ ಉಳಿದ ಸಾಮರ್ಥ್ಯವನ್ನು ನೇರವಾಗಿ ತೋರಿಸುತ್ತದೆ. ವಿಂಡೋಸ್ ಲ್ಯಾಪ್‌ಟಾಪಿನಲ್ಲಿ 'ಬ್ಯಾಟರಿ ರಿಪೋರ್ಟ್' ತೆಗೆದರೆ 'ಡಿಸೈನ್ ಕೆಪಾಸಿಟಿ' ಮತ್ತು 'ಫುಲ್ ಚಾರ್ಜ್ ಕೆಪಾಸಿಟಿ' ಎಂಬ ಎರಡು ಸಾಲುಗಳು ಇರುತ್ತವೆ. ಮೊದಲನೆಯದು 50,000, ಎರಡನೆಯದು 41,000 ಇದ್ದರೆ ಶೇ. 82 ಉಳಿದಿದೆ ಎಂದರ್ಥ. ಶೇ. 80ಕ್ಕಿಂತ ಕೆಳಗಿಳಿದು, ನಿಮಗೆ ದಿನ ಸಾಗುವುದೂ ಕಷ್ಟವಾಗಿದ್ದರೆ ಬದಲಾಯಿಸಿ. ಸಾಗುತ್ತಿದ್ದರೆ ಸಂಖ್ಯೆಯೊಂದಕ್ಕಾಗಿ ದುಡ್ಡು ಸುರಿಯಬೇಕಿಲ್ಲ. ಬದಲಿಸುವಾಗ ಕಂಪನಿಯ ಅಧಿಕೃತ ಕೇಂದ್ರದ ಬ್ಯಾಟರಿಯನ್ನೇ ಹಾಕಿಸಿ. ಒಂದೆರಡು ನೂರು ರೂಪಾಯಿ ಉಳಿಸಬಾರದ ಜಾಗ ಇದು.

ಹಂತ 9: ಉಬ್ಬಿದರೆ, ಹೊಗೆ ಬಂದರೆ

ಎಲೆಕ್ಟ್ರೊಲೈಟ್ ಒಡೆದು ಅನಿಲ ಹುಟ್ಟಿದಾಗ ಬ್ಯಾಟರಿ ಉಬ್ಬುತ್ತದೆ. ಫೋನನ್ನು ಮೇಜಿನ ಮೇಲೆ ಬೆನ್ನಡಿಯಾಗಿ ಇಟ್ಟು ಒಂದು ಮೂಲೆಯನ್ನು ಒತ್ತಿ ನೋಡಿ. ಕ್ಯಾಮೆರಾದ ಉಬ್ಬಿನಿಂದಲ್ಲದೆ ನಡುಭಾಗದಿಂದಲೇ ಓಲಾಡುತ್ತಿದ್ದರೆ, ತೆರೆಯ ಅಂಚಿನಲ್ಲಿ ಉಗುರು ತೂರುವಷ್ಟು ಸಂದಿ ಬಿಟ್ಟಿದ್ದರೆ ಬ್ಯಾಟರಿ ಉಬ್ಬಿದೆ. ಲ್ಯಾಪ್‌ಟಾಪಿನಲ್ಲಿ ಟಚ್‌ಪ್ಯಾಡ್ ಒತ್ತಿದಾಗ 'ಟಿಕ್' ಎನ್ನದೆ ಬಿಗಿಯಾಗಿ ನಿಲ್ಲುವುದು ಮೊದಲ ಸೂಚನೆ. ಆ ಕ್ಷಣವೇ ಚಾರ್ಜ್ ಮಾಡುವುದನ್ನು ನಿಲ್ಲಿಸಿ, ಆಫ್ ಮಾಡಿ, ಬಟ್ಟೆ-ಕಾಗದಗಳಿಂದ ದೂರ ಇಟ್ಟಿಗೆಯ ಮೇಲೋ ಮರಳಿನ ಮೇಲೋ ಇಟ್ಟು ಸರ್ವಿಸ್ ಕೇಂದ್ರವನ್ನು ಸಂಪರ್ಕಿಸಿ. ಒತ್ತಿ ಮಟ್ಟಸ ಮಾಡಬೇಡಿ, ಗಾಳಿ ಬಿಡಲೆಂದು ಚುಚ್ಚಬೇಡಿ.

ಹೊಗೆ, ಸಿಡಿಯುವ ಸದ್ದು, ಸಿಹಿಮಿಶ್ರಿತ ಘಾಟು ಬಂದರೆ ಮೊದಲು ಮನುಷ್ಯರು ಹೊರಗೆ ಬರಲಿ. ಆ ಹೊಗೆ ವಿಷ. ಸಾಧ್ಯವಾದರೆ ಗೋಡೆಯ ಸ್ವಿಚ್ ಅಥವಾ ಮೇನ್ ಆಫ್ ಮಾಡಿ. ವಿದ್ಯುತ್ ಸಂಪರ್ಕ ತಪ್ಪಿದ ಮೇಲೆ ಫೋನು, ಪವರ್ ಬ್ಯಾಂಕಿನಂಥ ಸಣ್ಣ ಸಾಧನಗಳ ಮೇಲೆ ದೂರದಿಂದ ಧಾರಾಳವಾಗಿ ನೀರು ಸುರಿಯಬಹುದು. ಈ ಬ್ಯಾಟರಿಗೆ ನೀರು ಹಾಕಬಾರದೆಂಬ ನಂಬಿಕೆ ತಪ್ಪು; ಪಕ್ಕದ ಸೆಲ್‌ಗೆ ಶಾಖ ಹರಡದಂತೆ ತಂಪು ಮಾಡುವುದು ನೀರೇ. ಕಂಬಳಿಯಿಂದ ಮುಚ್ಚಬೇಡಿ, ಉರಿಯುತ್ತಿರುವುದನ್ನು ಕೈಯಲ್ಲಿ ಎತ್ತಬೇಡಿ. ಆರಿದಂತೆ ಕಂಡದ್ದು ಮತ್ತೆ ಹೊತ್ತಿಕೊಳ್ಳಬಲ್ಲದು. ಕೈಮೀರುವ ಮುನ್ನ 101 ಅಥವಾ 112ಕ್ಕೆ ಕರೆ ಮಾಡಿ. ವಿದ್ಯುತ್ ಸ್ಕೂಟರಿನ ಬ್ಯಾಟರಿಯಾದರೆ ಆರಿಸುವ ಪ್ರಯತ್ನವನ್ನೇ ಮಾಡದೆ ದೂರ ಸರಿಯಿರಿ. ಅದರಲ್ಲಿರುವ ಶಕ್ತಿ ಫೋನಿನ ನೂರು ಪಾಲಿಗೂ ಹೆಚ್ಚು.

ಹಂತ 10: ಪ್ರಯಾಣ ಮತ್ತು ವಿಲೇವಾರಿ

ವಿಮಾನದಲ್ಲಿ ಪವರ್ ಬ್ಯಾಂಕನ್ನೂ ಬಿಡಿ ಬ್ಯಾಟರಿಯನ್ನೂ ಕೈಚೀಲದಲ್ಲೇ ಒಯ್ಯಬೇಕು, ಚೆಕ್-ಇನ್ ಲಗೇಜಿನಲ್ಲಿ ಹಾಕುವಂತಿಲ್ಲ. 100 ವ್ಯಾಟ್-ಅವರ್‌ವರೆಗೆ ಸಾಮಾನ್ಯವಾಗಿ ಅನುಮತಿ ಇದೆ. 100ರಿಂದ 160ರವರೆಗಿನದಕ್ಕೆ ವಿಮಾನ ಸಂಸ್ಥೆಯ ಒಪ್ಪಿಗೆ ಬೇಕು. ಮೊದಲ ಹಂತದ ಲೆಕ್ಕದಂತೆ 20,000 ಎಂಎಎಚ್ ಎಂದರೆ 74 ವ್ಯಾಟ್-ಅವರ್. ಲೇಬಲ್ ಅಳಿಸಿಹೋಗಿದ್ದರೆ ತಪಾಸಣೆಯಲ್ಲಿ ತೆಗೆದಿರಿಸಬಹುದು. ವಿಮಾನದೊಳಗೆ ಅದರಿಂದ ಚಾರ್ಜ್ ಮಾಡಬಹುದೇ ಎಂಬುದನ್ನು ಹೊರಡುವ ಮುನ್ನ ಆಯಾ ಸಂಸ್ಥೆಯ ನಿಯಮದಲ್ಲಿ ನೋಡಿಕೊಳ್ಳಿ.

ಕೊನೆಗೆ ಕೆಟ್ಟ ಬ್ಯಾಟರಿ. ಅದನ್ನು ಹಸಿ ಕಸಕ್ಕಾಗಲಿ ಒಣ ಕಸಕ್ಕಾಗಲಿ ಹಾಕಬೇಡಿ. ಕಸದ ಲಾರಿಯಲ್ಲಿ ಒತ್ತುವಾಗ ಸೆಲ್ ಜಜ್ಜಿಹೋಗಿ ಬೆಂಕಿ ಹೊತ್ತಬಹುದು, ಆ ಬೆಂಕಿ ಎದುರಾಗುವುದು ಬರಿಗೈಯಲ್ಲಿ ಕಸ ಬೇರ್ಪಡಿಸುವ ಪೌರಕಾರ್ಮಿಕರಿಗೆ. ಬ್ಯಾಟರಿಯ ಮೇಲೆ ಗೀಟು ಹಾಕಿದ ಕಸದ ಬುಟ್ಟಿಯ ಚಿತ್ರ ಇರುವುದು ಇದನ್ನೇ ತಿಳಿಸಲು. 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳ ಪ್ರಕಾರ ಹಳೆಯ ಬ್ಯಾಟರಿಯನ್ನು ಸಂಗ್ರಹಿಸಿ ಮರುಬಳಕೆಗೆ ಕಳಿಸುವ ಹೊಣೆ ತಯಾರಕರದು. ಹೊರಚಾಚಿದ ಲೋಹದ ತುದಿಗಳಿಗೆ ಇನ್ಸುಲೇಶನ್ ಟೇಪ್ ಸುತ್ತಿ, ಒಂದೊಂದನ್ನೂ ಬೇರೆ ಬೇರೆ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ, ಕಂಪನಿಯ ಸರ್ವಿಸ್ ಕೇಂದ್ರಕ್ಕೋ ನಿಮ್ಮ ಊರಿನ ಇ-ತ್ಯಾಜ್ಯ ಸಂಗ್ರಹ ಕೇಂದ್ರಕ್ಕೋ ಕೊಡಿ. ಕೊಡುವವರೆಗೆ ಮಕ್ಕಳ ಕೈಗೆ ಎಟುಕದ, ಬಿಸಿಲು ಬೀಳದ ಕಡೆ ಇಟ್ಟಿರಿ.